ಮಂಗಳವಾರದ ಆ ಒಂದು ಗಂಟೆ



2025ರ ಜೂನ್ ತಿಂಗಳಿಡೀ ಹಾಸನ ಜಿಲ್ಲೆಯ ಮನೆಗಳಲ್ಲಿ ಬೆಳಗಾದರೆ ಒಂದೇ ಮಾತು: ಇವತ್ತು ಯಾರಿಗೆ ಹೃದಯಾಘಾತವಾಯಿತು? ಟಿ.ವಿ.ಯಲ್ಲಿ ಸತ್ತವರ ಲೆಕ್ಕ ದಿನದಿಂದ ದಿನಕ್ಕೆ ಏರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಹೃದಯಾಘಾತದ ಸಾವುಗಳು ಏಕಾಏಕಿ ಹೆಚ್ಚಿಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಅದೇ ತಿಂಗಳು ಶಾಲೆಗಳಲ್ಲಿ 15 ವರ್ಷದ ಮಕ್ಕಳ ಹೃದಯ ತಪಾಸಣೆ ಮಾಡಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಆ ನಿರ್ಧಾರಕ್ಕೆ ಆಕ್ಷೇಪವಿಲ್ಲ. ಆದರೆ ಆ ದಿನಗಳಲ್ಲಿ ಅಪ್ಪ ಸುಮ್ಮನೆ ಎದೆ ಸವರಿಕೊಂಡರೂ ಬೆಚ್ಚಿಬೀಳುತ್ತಿದ್ದ ಮಕ್ಕಳು ಅರಸೀಕೆರೆಯಲ್ಲೂ ಇದ್ದರು, ಬೇಲೂರಿನಲ್ಲೂ ಇದ್ದರು. ಅವರು ಅದೇ ಹೆದರಿಕೆಯನ್ನು ಹೊತ್ತು ಶಾಲೆಗೆ ಬಂದರು, ಹಾಜರಿ ಹೇಳಿದರು, ಲೆಕ್ಕ ಮಾಡಿದರು, ಮನೆಗೆ ಹೋದರು. ಅವರ ಎದೆಬಡಿತ ನೋಡಲು ಯಂತ್ರ ಬರುತ್ತದೆ. ಎದೆಯೊಳಗಿನ ದಿಗಿಲನ್ನು ಕೇಳಲು ಯಾರು ಬರುತ್ತಾರೆ? ಈ ಪತ್ರದ ತಕರಾರು ಅಷ್ಟೇ.

ಮಕ್ಕಳ ಮನಸ್ಸಿನ ಮಾತು ಬಂದಾಗಲೆಲ್ಲ ಸರ್ಕಾರಗಳಿಗೆ ನೆನಪಾಗುವುದು ಉಪದೇಶ. 2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ, ಅರಸೀಕೆರೆಯ ಪಕ್ಕದ ತಿಪಟೂರಿನವರೇ ಆದ ಬಿ.ಸಿ. ನಾಗೇಶ್, ಶಾಲೆಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸಬೇಕೆಂದರು. ಸರ್ಕಾರ ಬದಲಾಯಿತು, 2025ರಲ್ಲಿ ಸಚಿವ ಮಧು ಬಂಗಾರಪ್ಪ ನೀತಿ ಶಿಕ್ಷಣ ತರುವ ಮಾತಾಡಿದರು. ಧ್ಯಾನವೂ ಇರಲಿ, ನೀತಿಯೂ ಇರಲಿ. ಎರಡರಲ್ಲೂ ಮಗು ಕೇಳಿಸಿಕೊಳ್ಳುತ್ತದೆ, ಇಲ್ಲವೇ ಕಣ್ಣು ಮುಚ್ಚಿ ಕೂರುತ್ತದೆ. ಮಗು ಬಾಯಿ ಬಿಟ್ಟು ಹೇಳುವುದನ್ನು ದೊಡ್ಡವರು ಕೂತು ಕೇಳುವ ಅವಧಿ ಎಲ್ಲಿದೆ?

ಅಂಥ ಅವಧಿ ಕಾಗದದ ಮೇಲೆ ಇದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಮೇಷ್ಟ್ರು ಮತ್ತು ಒಬ್ಬ ಮೇಡಂ, ತರಬೇತಿ ಪಡೆದು ಆರೋಗ್ಯ ರಾಯಭಾರಿಗಳಾಗಬೇಕು. ವಾರಕ್ಕೆ ಒಂದು ಗಂಟೆ ಮಕ್ಕಳೊಂದಿಗೆ ಚಟುವಟಿಕೆ ನಡೆಸಬೇಕು. ಅದಕ್ಕೆ ಮಂಗಳವಾರವನ್ನೇ ಸೂಚಿಸಲಾಗಿದೆ. ವಿಷಯಗಳು 11. ಭಾವನೆಗಳು ಮತ್ತು ಮಾನಸಿಕ ಆರೋಗ್ಯ, ಪರಸ್ಪರ ಸಂಬಂಧ, ಹೆಣ್ಣು ಗಂಡಿನ ಸಮಾನತೆ, ದುಶ್ಚಟ, ಇಂಟರ್‌ನೆಟ್ಟಿನ ಸುರಕ್ಷಿತ ಬಳಕೆ ಎಲ್ಲವೂ ಅದರಲ್ಲಿವೆ. ರಾಯಚೂರು, ಯಾದಗಿರಿಯಂಥ ಹಿಂದುಳಿದ ಜಿಲ್ಲೆಗಳಿಂದ ಶುರುವಾಗಿ ಉಳಿದ ಜಿಲ್ಲೆಗಳಿಗೂ ಬರಬೇಕಾದ ಕಾರ್ಯಕ್ರಮ ಅದು. ಇವತ್ತು ಹಳೇಬೀಡಿನಲ್ಲಾಗಲಿ ಬಾಣಾವರದಲ್ಲಾಗಲಿ ಪೋಷಕರನ್ನು ನಿಲ್ಲಿಸಿ, ನಿಮ್ಮ ಮಗುವಿನ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಕೇಳಿದರೆ ಹೆಸರು ಹೇಳಬಲ್ಲವರು ಅಪರೂಪ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಕೇಳಿ, ತಟ್ಟನೆ ಉತ್ತರ ಬರುತ್ತದೆ. 2019ರಲ್ಲಿ ಹಾಸನ ಶೇ 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂದದ್ದು ಊರೂರಿಗೆ ನೆನಪಿದೆ.

ಕಾನೂನು ಕೂಡ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಮಗುವನ್ನು ಭಯ, ಆಘಾತ ಮತ್ತು ಆತಂಕದಿಂದ ಮುಕ್ತಗೊಳಿಸುವುದು ಹಾಗೂ ಅದು ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗುವುದು ಪಠ್ಯಕ್ರಮದ ಕೆಲಸ ಎಂದೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ಅರ್ಹ ಆಪ್ತ ಸಮಾಲೋಚಕರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದಿತು. ಹಳ್ಳಿಗಳ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳಿಲ್ಲ. ಆ ಸಂಪರ್ಕ ಕಲ್ಪಿಸುವವರು ಯಾರು ಎಂಬುದನ್ನು ಇಲಾಖೆ ಹೇಳಬೇಕು.

ಇಂಥ ಅವಧಿಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳುವ ಪೋಷಕರಿಗೆ ಒಂದೇ ಒಂದು ಪದ ಸಾಕು: ಬೇಜಾರು. ಈ ಸೀಮೆಯ ಮಕ್ಕಳಿಗೆ ಎಲ್ಲವೂ ಬೇಜಾರು. ಗೆಳತಿ ಮಾತು ಬಿಟ್ಟರೂ ಬೇಜಾರು, ಮನೆಯಲ್ಲಿ ಅಪ್ಪ ಕುಡಿದು ಬಂದರೂ ಬೇಜಾರು, ಮಳೆ ಬಂದು ಆಟ ನಿಂತರೂ ಬೇಜಾರು. ‘ಯಾಕಮ್ಮಾ ಸಪ್ಪಗಿದ್ದೀಯಾ?’ ಎಂದರೆ, ‘ಬೇಜಾರು ಮಿಸ್.’ ‘ಏನಾಯ್ತು?’ ‘ಏನಿಲ್ಲ ಮಿಸ್.’ ಅಲ್ಲಿಗೆ ಮಾತು ಮುಗಿಯುತ್ತದೆ. ತಿಳಿದ ಶಿಕ್ಷಕಿ ಅಲ್ಲಿಗೇ ಬಿಡುವುದಿಲ್ಲ. ಕಪ್ಪುಹಲಗೆಯ ಮೇಲೆ ‘ಬೇಜಾರು’ ಎಂದು ಬರೆದು ಅದರ ಸುತ್ತ ಗೆರೆ ಎಳೆದು, ಇದರೊಳಗೆ ಇನ್ನೇನೇನಿದೆ ಎಂದು ಕೇಳುತ್ತಾರೆ. ಸಿಟ್ಟು, ಅವಮಾನ, ಹೊಟ್ಟೆಕಿಚ್ಚು, ಒಂಟಿತನ, ದಿಗಿಲು, ಸಂಕಟ ಒಂದೊಂದಾಗಿ ಹೊರಬರುತ್ತವೆ. ತನಗಾಗಿದ್ದು ಬೇಜಾರಲ್ಲ, ಅವಮಾನ ಎಂದು ಹುಡುಗನೊಬ್ಬನಿಗೆ ಗೊತ್ತಾದರೆ, ಅದನ್ನು ಯಾರ ಹತ್ತಿರ ಹೇಳಬೇಕೆಂಬುದೂ ಗೊತ್ತಾಗುತ್ತದೆ. ಕನ್ನಡದಲ್ಲಿ ಈ ಪದಗಳಿಗೆ ಬರವಿಲ್ಲ. ಮಕ್ಕಳ ನಾಲಿಗೆಗೆ ಅವು ಬರಬೇಕಾದರೆ ವಾರಕ್ಕೊಂದು ಗಂಟೆ ಬೇಕು.

ಇದರಿಂದ ಫಲವಿದೆ ಎಂಬುದಕ್ಕೆ ದೂರದ ದೇಶಗಳ ಸಾಕ್ಷಿ ಬೇಡ. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಶಿಕ್ಷಕರಿಂದಲೇ ಒಂದು ವರ್ಷ ಜೀವನ ಕೌಶಲ ಕಲಿತ 605 ಪ್ರೌಢಶಾಲಾ ಮಕ್ಕಳನ್ನು ಕಲಿಯದ 423 ಮಕ್ಕಳೊಂದಿಗೆ ಅವರು ಹೋಲಿಸಿ ನೋಡಿದ್ದರು. ಕಲಿತವರಲ್ಲಿ ತಮ್ಮ ಬಗ್ಗೆ ಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಕೊನೆಯ ಮಾತನ್ನೂ ಮುಚ್ಚಿಡಬಾರದು. ಶಾಲೆಯ ಕೆಲಸ ಮನೆಬಾಗಿಲಲ್ಲಿ ನಿಂತುಬಿಡುತ್ತದೆ, ಪೋಷಕರೂ ಕೈಜೋಡಿಸಬೇಕು ಎಂದು ಅದರ ಅರ್ಥ.

ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಕೈಪಿಡಿ ಎಲ್ಲ ಕಡೆಗೂ ಸಾಲದು. ಅರಸೀಕೆರೆಯ ಮಗುವಿನ ಮನಸ್ಸು ಕೊಬ್ಬರಿ ದರದ ಜೊತೆ ಏರಿಳಿಯುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಾಗ, ಸಾಲದ ಮಾತು ನಡೆದದ್ದು ಮಕ್ಕಳು ಊಟಕ್ಕೆ ಕೂತ ಹೊತ್ತಿನಲ್ಲೇ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆ ಭಯವೇ ಬೇರೆ. ಅಲ್ಲಿ ಕಾಫಿ ತೋಟದ ದಾರಿಯಲ್ಲಿ ಶಾಲೆಗೆ ನಡೆಯುವ ಮಗು ಆನೆಯ ಲದ್ದಿ ಹಸಿಯಾಗಿದೆಯೇ ಎಂದು ನೋಡಿಕೊಂಡು ಹೆಜ್ಜೆ ಇಡುತ್ತದೆ. ಆನೆ ಓಡಿಸಲು ಸರ್ಕಾರ ಹಾಸನಕ್ಕೆ ಕಾರ್ಯಪಡೆ ಕೊಟ್ಟಿದೆ. ಊರಿನಲ್ಲಿ ಆನೆ ತುಳಿದು ಒಬ್ಬರು ಸತ್ತ ಮರುದಿನ ತರಗತಿಯಲ್ಲಿ ಏನು ಮಾತಾಡಬೇಕೆಂದು ಆ ಶಾಲೆಯ ಶಿಕ್ಷಕರಿಗೆ ಯಾರೂ ಹೇಳಿಕೊಟ್ಟಿಲ್ಲ.

ಶಿಕ್ಷಕರ ಮೇಲೆ ಇನ್ನೊಂದು ಹೊರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ ಅವರ ತಲೆಯ ಮೇಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರೂ ಅವರೇ; ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆದ್ದರಿಂದ ಹೊಸ ಪುಸ್ತಕ ಬೇಡ, ಹೊಸ ಪರೀಕ್ಷೆ ಬೇಡ, ಫೋಟೊ ತೆಗೆದು ಅಪ್‌ಲೋಡ್ ಮಾಡುವ ಕೆಲಸವಂತೂ ಬೇಡವೇ ಬೇಡ. ಇರುವ ಒಂದು ಗಂಟೆಯನ್ನು ವಿಶೇಷ ತರಗತಿಗೆ ಕಿತ್ತುಕೊಳ್ಳದಿದ್ದರೆ ಸಾಕು.

ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಗೊತ್ತುಮಾಡಿದ ದಿನವೂ ಮಂಗಳವಾರವೇ. ಶಾಲೆಯ ಆ ಗಂಟೆಯಲ್ಲಿ ಮಗುವೊಂದು ಹೇಳಬಾರದ ಸಂಕಟ ಹೇಳಿಕೊಂಡರೆ, ಶಿಕ್ಷಕರು ಅದೇ ದಿನ ಅರಸೀಕೆರೆಯ ಅಥವಾ ಬೇಲೂರಿನ ಆಸ್ಪತ್ರೆಗೆ ಒಂದು ಫೋನ್ ಮಾಡುವಂತಾಗಬೇಕು. ಇದಕ್ಕೆ ಹೆಚ್ಚುವರಿ ಹಣ ಬೇಕಿಲ್ಲ, ಎರಡು ಇಲಾಖೆಗಳು ಮಾತಾಡಿಕೊಂಡರೆ ಆಗುವ ಕೆಲಸ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098, ಈ ಎರಡು ಸಂಖ್ಯೆಗಳು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯಲ್ಲಿದ್ದರೆ ಪ್ರಯೋಜನವಿಲ್ಲ, ಮಕ್ಕಳು ಕೈತೊಳೆಯುವ ನಲ್ಲಿಯ ಹತ್ತಿರ ಇರಬೇಕು.

ಅರಸೀಕೆರೆ ಮತ್ತು ಬೇಲೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ಪ್ರತಿ ಶಾಲೆಯ ಆ ಇಬ್ಬರು ಶಿಕ್ಷಕರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಿಸಲಿ. ತರಬೇತಿ ಆಗಿಲ್ಲದಿದ್ದರೆ ಆಗಿಲ್ಲವೆಂದೇ ಹೇಳಲಿ. ಪೋಷಕರು ಬರುವ ಮಂಗಳವಾರ ಸಂಜೆ ಮಕ್ಕಳನ್ನು ಕೇಳಿ ನೋಡಲಿ, ಇವತ್ತು ಶಾಲೆಯಲ್ಲಿ ನಿಮ್ಮ ಮಾತನ್ನು ಯಾರಾದರೂ ಕೂತು ಕೇಳಿದರೇ ಎಂದು. ಇಲ್ಲವೆಂಬ ಉತ್ತರ ಬಂದರೆ ಅದನ್ನು ಮುಂದಿನ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಲಿ.

– ಓದುಗರೊಬ್ಬರು, ಅರಸೀಕೆರೆ