ಸಾಲ ಮಾಡದವರಿಗೂ ಖಾತೆಯುಂಟು

“ಎಂದೂ ಸಾಲ ಪಡೆಯದ ನಮಗೆ ಬ್ಯಾಂಕಿನವರು ಖಾತೆ ತೆರೆದುಕೊಡುವರೇ?” ಎಂಬ ಅಳುಕು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ತಾಯಂದಿರಿಗೆ ಬೇಡ. ಉಳಿತಾಯ ಖಾತೆಯಲ್ಲಿ ಹಣವಿಡುವವರು ನೀವು. ನಿಜಕ್ಕೂ ಬ್ಯಾಂಕೇ ನಿಮ್ಮ ಸಾಲಗಾರ! ಆದುದರಿಂದ ಅದು ಕೇಳಬೇಕಾದುದು ನಿಮ್ಮ ಗುರುತು, ವಿಳಾಸಗಳನ್ನೇ ಹೊರತು ಸಾಲದ ಚರಿತ್ರೆಯನ್ನಲ್ಲ.

ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲದ ಮೂಲ ಉಳಿತಾಯ ಖಾತೆಯನ್ನು ರಿಸರ್ವ್ ಬ್ಯಾಂಕು 2012ರಲ್ಲಿ ಜಾರಿಗೆ ತಂದಿತು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಖಾತೆಯೂ ಇದೇ ಬಗೆಯದು. ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಪ್ಯಾನ್ ಇಲ್ಲದವರು ಅದಕ್ಕೆ ಬದಲಾಗಿ ನಿಗದಿತ ನಮೂನೆಯನ್ನು ತುಂಬಿಕೊಡಬೇಕು. ಅದೇ ಬ್ಯಾಂಕಿನಲ್ಲಿ ಬೇರೊಂದು ಉಳಿತಾಯ ಖಾತೆ ಇರಕೂಡದು.

ಕಾಡಿನಂಚಿನ ಮನೆಯಲ್ಲಿ ಯಾವ ದಾಖಲೆಯೂ ಇಲ್ಲದಿದ್ದರೆ? ಅಧಿಕಾರಿಯ ಎದುರು ಭಾವಚಿತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟೊತ್ತಿ ‘ಸಣ್ಣ ಖಾತೆ’ ತೆರೆಯಬಹುದು. ಅದರ ಅವಧಿ 12 ತಿಂಗಳು; ಅಷ್ಟರಲ್ಲಿ ದಾಖಲೆಗೆ ಅರ್ಜಿ ಹಾಕಿದ ಪುರಾವೆ ಕೊಟ್ಟರೆ ಇನ್ನೂ 12 ತಿಂಗಳು. ಶಿಲ್ಕು 50,000 ರೂಪಾಯಿ, ವರ್ಷದ ಜಮೆ ಒಂದು ಲಕ್ಷ, ತಿಂಗಳಿಗೆ ತೆಗೆಯುವುದು 10,000 ರೂಪಾಯಿ ಮೀರುವಂತಿಲ್ಲ. 2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿಗೆ ಇದು ಧಾರಾಳವಾಯಿತು. ಆದರೆ ಹಳಿಯಾಳದ ಕಬ್ಬು ಬೆಳೆಗಾರರ ಬಿಲ್ಲು ಒಂದೇ ಸಲಕ್ಕೆ ಈ ಮಿತಿಯನ್ನು ದಾಟೀತು. ಅಂಥವರು ದಾಖಲೆ ಮಾಡಿಸಿಕೊಂಡೇ ಹೋಗುವುದು ಲೇಸು.

ಮುಂದೆ ಸಾಲ ಬೇಕಾದಾಗ ಮಾತ್ರ ಚರಿತ್ರೆಯ ಪ್ರಶ್ನೆ ಏಳುತ್ತದೆ. ಆಗಲೂ, ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಳ್ಳಿಹಾಕಕೂಡದೆಂದು 2025ರಲ್ಲಿ ಸರಕಾರವು ಸಂಸತ್ತಿನಲ್ಲಿ ಸ್ಪಷ್ಟಪಡಿಸಿದೆ. ಖಾತೆಯನ್ನೇ ನಿರಾಕರಿಸಿದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು.