ಸಹಿ ಹಾಕುವ ಮುನ್ನ

ಡೊಂಬಿವಲಿಯ ಓದುಗರೊಬ್ಬರು ಕಳೆದ ವಾರ ಫೋನ್ ಮಾಡಿದ್ದರು. ಊರಿನಿಂದ ಅಣ್ಣ ಹಕ್ಕು ಬಿಡುಗಡೆ ಪತ್ರ ಕಳಿಸಿದ್ದಾರೆ. "ಅಪ್ಪ ತೀರಿಕೊಂಡದ್ದು 2001ರಲ್ಲಿ. ಮದುವೆಯಾಗಿ ಹೋದವರಿಗೂ ಪಾಲು ಅಂತ ಕಾನೂನು ಬಂದದ್ದು 2005ರಲ್ಲಿ. ನಿನಗೇನೂ ಬರೋದಿಲ್ಲ, ಸಹಿ ಹಾಕಿಬಿಡು" ಎಂದರಂತೆ.

ಅಣ್ಣನ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಕರ್ನಾಟಕದಿಂದಲೇ ಹೋದ ಫುಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಮಗನಂತೆಯೇ ಹುಟ್ಟಿನಿಂದ ಬರುತ್ತದೆ. ತಂದೆ ಆ ದಿನ ಇದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ.

ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿಯ ಮೂಲಕ ಪಾಲಾಗಿದ್ದರೆ ಕೆದಕುವಂತಿಲ್ಲ. ಬಾಯಿಮಾತಿನ ಪಾಲನ್ನು ಕೋರ್ಟ್ ಸುಲಭವಾಗಿ ಒಪ್ಪುವುದಿಲ್ಲ. ಅಪ್ಪನ ಸ್ವಯಾರ್ಜಿತದ ಲೆಕ್ಕವೇ ಬೇರೆ.

ಅವರಿಗೆ ಹೇಳಿದ್ದಿಷ್ಟು: ಮೊದಲು ಆನ್‌ಲೈನ್‌ನಲ್ಲಿ ಪಹಣಿ ನೋಡಿ, ಹಳೆಯ ಪಾಲುಪತ್ರ ಇದೆಯೇ ಕೇಳಿ. ಬಿಟ್ಟುಕೊಡುವುದಾದರೆ ತಿಳಿದೇ ಬಿಟ್ಟುಕೊಡಿ. ನೋಂದಣಿಯಾದ ಮೇಲೆ ಹಿಂದೆಗೆಯುವುದು ಕಷ್ಟ.

ಇದನ್ನು ಬರೆಯುವಾಗ ನನಗೂ ಮುಜುಗರವಿದೆ. 2016ರಲ್ಲಿ ನನ್ನ ತಂಗಿಯೂ ಹೀಗೆಯೇ ಸಹಿ ಹಾಕಿದ್ದಳು. ಅಂದಿನ ತೀರ್ಪು ನನ್ನ ಪರವಾಗಿತ್ತು. ಪೆನ್ನು ಕೊಟ್ಟವನೂ ನಾನೇ. ಈ ದೀಪಾವಳಿಗೆ ಊರಿಗೆ ಹೋದಾಗ ಅವಳ ಜೊತೆ ಕೂತು ಮಾತಾಡಬೇಕು.