ತುರಿಕೆಗೆ ಟ್ಯೂಬ್ ಹುಡುಕುವ ಮೊದಲು

ತುರಿಕೆ ಎಂದು ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಹೆಚ್ಚಿನವರು ಹಿಂಡಿ ಚಪ್ಪಟೆಯಾದ ಒಂದು ಟ್ಯೂಬ್ ಹಿಡಿದುಕೊಂಡೇ ಬರುತ್ತಾರೆ. "ಡಾಕ್ಟ್ರೇ, ಇದು ಹಚ್ಚಿದರೆ ಎರಡು ದಿನದಲ್ಲಿ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಇದಕ್ಕಿಂತ ಸ್ಟ್ರಾಂಗ್ ಆದದ್ದು ಕೊಡಿ." ಬರೆದುಕೊಟ್ಟ ಡಾಕ್ಟರ್ ಯಾರು ಎಂದು ಕೇಳಿದರೆ ಯಾರೂ ಇಲ್ಲ. ಮೆಡಿಕಲ್ ಶಾಪ್‌ನ ಹುಡುಗ ಕೊಟ್ಟದ್ದು, ಪಕ್ಕದ ಮನೆಯವರು ಹೇಳಿದ್ದು, ಗಲ್ಫ್‌ನಿಂದ ಮಾವ ತಂದದ್ದು.

ಆ ಟ್ಯೂಬ್‌ಗಳಲ್ಲಿ ಹೆಚ್ಚಿನವು ಒಂದರಲ್ಲೇ ಮೂರು ಔಷಧ ಬೆರೆಸಿದವು: ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಜೊತೆಗೆ ಆಂಟಿಬಯೋಟಿಕ್. ಸ್ಟೀರಾಯ್ಡ್ ಕೆಂಪನ್ನೂ ನವೆಯನ್ನೂ ಬೇಗ ಅಡಗಿಸುತ್ತದೆ. ಆದರೆ ಕಾರಣ ಅಲ್ಲೇ ಉಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ತೊಡೆಸಂದಿಯಲ್ಲಿ ಗೀರು ಬೀಳುತ್ತದೆ, ಮುಖದಲ್ಲಿ ಮೊಡವೆ ಮತ್ತು ಕೆಂಪು ನರಗಳು ಏಳುತ್ತವೆ. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ ಕಾನೂನಿದೆ, ಅಂಗಡಿಯಲ್ಲಿ ಟ್ಯೂಬ್ ಇನ್ನೂ ಸಿಗುತ್ತಿದೆ.

ತುರಿಕೆ ಒಂದೇ ಆದರೂ ರೋಗ ಒಂದೇ ಅಲ್ಲ. ರಾತ್ರಿ ಹೆಚ್ಚಾಗುವ, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಕಾಣುವ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬರುವ ತುರಿಕೆ ಬಹುತೇಕ ಕಜ್ಜಿ. ಹಾಸ್ಟೆಲ್‌ನಿಂದ ರಜೆಗೆ ಬಂದ ಮಗುವಿನ ಜೊತೆ ಅದು ಮನೆಗೆ ಬರುತ್ತದೆ. ಮನೆಯವರೆಲ್ಲ ಒಂದೇ ದಿನ ಮದ್ದು ಹಚ್ಚಿ, ಬಟ್ಟೆ ಹಾಸಿಗೆಯನ್ನು ಬಿಸಿನೀರಲ್ಲಿ ತೊಳೆಯದೆ ಅದು ಹೋಗುವುದಿಲ್ಲ. ಬಳೆಯಂತೆ ದುಂಡಗೆ ಹರಡುವ, ಅಂಚು ಉಬ್ಬಿ ನಡುವೆ ತಿಳಿಯಾಗುವ ಕಲೆ ಹುಳುಕಡ್ಡಿ. ಅದಕ್ಕೆ ಸ್ಟೀರಾಯ್ಡ್ ಹಚ್ಚುವುದೆಂದರೆ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ. ಮೂರನೆಯದು ಇಸುಬು, ಅಂದರೆ ಎಕ್ಸಿಮಾ. ಚರ್ಮ ಒಣಗಿ ಕೆಂಪಾಗುತ್ತದೆ, ಕೆಲವೊಮ್ಮೆ ನೀರು ಒಸರುತ್ತದೆ, ಕೆರೆದು ಕೆರೆದು ಕೊನೆಗೆ ತೊಗಲು ದಪ್ಪಗಾಗುತ್ತದೆ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಇಸುಬು ಇರುವ ಸೊಸೆಯನ್ನು ಅಡುಗೆಮನೆಯಿಂದ ದೂರ ಇಡುವ ಮನೆಗಳನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ವೃತ್ತಿ ಆರಂಭಿಸಿದ ಹೊಸತರಲ್ಲಿ ಒಬ್ಬ ಯುವಕ ಎರಡೂ ಕೈ ಒಡೆದು, ತುರಿಕೆಯಿಂದ ನಿದ್ದೆಗೆಟ್ಟು ಬಂದ. ನಾನು ನಾಡಿ ನೋಡಿದೆ, ನಾಲಿಗೆ ನೋಡಿದೆ, ಮಿಝಾಜ್ ನಿರ್ಧರಿಸಿ ರಕ್ತಶುದ್ಧಿಯ ಮುಸಫ್ಫೀ ಶರಬತ್ತು ಕೊಟ್ಟೆ. ತಿಂಗಳುಗಳು ಕಳೆದವು, ಸ್ವಲ್ಪ ಕಡಿಮೆ ಸ್ವಲ್ಪ ಹೆಚ್ಚು. ಆ ವರ್ಷದ ರಮಝಾನ್‌ನಲ್ಲಿ ಕೈ ಪೂರ್ತಿ ವಾಸಿಯಾಯಿತು. ಅವನಿಗೂ ಸಂತೋಷ, ನನಗೂ ಹೆಮ್ಮೆ. ಈದ್ ಕಳೆದು ಹತ್ತು ದಿನವಾಗಿಲ್ಲ, ಮೊದಲಿಗಿಂತ ಕೆಟ್ಟದಾಗಿ ತಿರುಗಿ ಬಂದ. ಆಗ ಮೊದಲ ಬಾರಿಗೆ ಕೇಳಿದೆ: "ನೀವು ಮಾಡುವ ಕೆಲಸವೇನು?" ಗಾರೆ ಕೆಲಸ. ಉಪವಾಸವೆಂದು ಆ ತಿಂಗಳು ಪ್ಲಾಸ್ಟರಿಂಗ್ ಬಿಟ್ಟು ತಮ್ಮನ ಅಂಗಡಿಯಲ್ಲಿ ಕೂತಿದ್ದನಂತೆ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಅಲರ್ಜಿ ಹುಟ್ಟಿಸುತ್ತದೆ. ಅವನ ರೋಗ ಇದ್ದದ್ದು ಗಾರೆಯ ಬಾಣಲೆಯಲ್ಲಿ, ನಾನು ಹುಡುಕಿದ್ದು ರಕ್ತದಲ್ಲಿ.

ನಮ್ಮ ಯುನಾನಿ ಪದ್ಧತಿ ಇದನ್ನು ಕಲಿಸಿಲ್ಲ ಎಂದಲ್ಲ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಸ್ಥಿತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಎಂಬ ಆರು ಅಸ್ಬಾಬ್‌ಗಳನ್ನು ವಿಚಾರಿಸದೆ ಔಷಧಕ್ಕೆ ಕೈ ಹಾಕಬಾರದು ಎಂಬುದು ಮೊದಲ ವರ್ಷದ ಪಾಠ. ಪಾಠ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ, ರೋಗಿಯ ಮುಂದೆ ಮರೆತೆ.

ನಿಮ್ಮ ಮನೆಯಲ್ಲಿ ಹುಡುಕಬೇಕಾದ ಕಾರಣಗಳು ಹೆಚ್ಚಿನ ಸಲ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತವೆ. ಗೃಹಿಣಿಯರ ಕೈಗೆ ಪಾತ್ರೆ ಸೋಪು, ಬಟ್ಟೆಯ ಪುಡಿ, ಹಸಿಮೀನು, ಬೆಳ್ಳುಳ್ಳಿ. ಕಿವಿಯೋಲೆ, ವಾಚಿನ ಬಕಲ್, ಹಿಜಾಬಿನ ಪಿನ್, ಬುರ್ಖಾದ ಪ್ರೆಸ್ ಬಟನ್‌ಗಳಲ್ಲಿ ನಿಕ್ಕಲ್ ಇರಬಹುದು. ಗಲ್ಲದ ಕೆಳಗೆ ಪಿನ್ ಚುಚ್ಚುವಲ್ಲೇ ಕಲೆ ಎದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಈದ್‌ನ ಹಿಂದಿನ ರಾತ್ರಿ ಹಚ್ಚುವ 'ಕಪ್ಪು ಮೆಹಂದಿ'ಯ ಬಗ್ಗೆ ವಿಶೇಷ ಎಚ್ಚರ ಬೇಕು. ಮದರಂಗಿ ಸೊಪ್ಪು ಕಪ್ಪು ಬಣ್ಣ ಕೊಡುವುದಿಲ್ಲ, ಕಿತ್ತಳೆ ಕೆಂಪು ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್‌ನಲ್ಲಿ ಬಹುಪಾಲು ತಲೆಗೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಒಮ್ಮೆ ಅದರ ಅಲರ್ಜಿ ಹತ್ತಿದರೆ ಮುಂದೆ ಡೈ ಹಚ್ಚಿದಾಗಲೂ ಮುಖ ಊದುತ್ತದೆ.

ವುಝೂವಿನಿಂದಲೇ ಕೈ ಕಾಲು ಹಾಳಾಯಿತು ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ತಪ್ಪು ನೀರಿನದ್ದಲ್ಲ, ಪ್ರತಿ ಸಲ ಹಚ್ಚುವ ಸೋಪಿನದ್ದು, ಮತ್ತು ಒದ್ದೆ ಬಿಡುವುದರದ್ದು. ಬೆರಳ ಸಂದಿ, ಉಂಗುರದ ಕೆಳಗೆ, ಕಾಲ್ಬೆರಳ ನಡುವೆ ಬಟ್ಟೆಯಿಂದ ಒತ್ತಿ ಒರೆಸಿ, ಕೂಡಲೇ ಒಂದೆರಡು ಹನಿ ತೆಂಗಿನೆಣ್ಣೆ ಅಥವಾ ವ್ಯಾಸಲೀನ್ ಸವರಿ. ವುಝೂ ಮುಗಿದ ಮೇಲೆ ಹಚ್ಚಿದರೆ ಚರ್ಮಕ್ಕೆ ನೀರು ತಾಗಿತೋ ಇಲ್ಲವೋ ಎಂಬ ಸಂಶಯವೂ ಬರುವುದಿಲ್ಲ. ಗಾಯ ತೀವ್ರವಾಗಿದ್ದು ನೀರೇ ಬೇಡವೆಂದು ವೈದ್ಯರು ಹೇಳಿದರೆ, ತಯಮ್ಮುಮ್ ಬಗ್ಗೆ ನಿಮ್ಮ ಮಸೀದಿಯ ಉಸ್ತಾದರನ್ನು ಕೇಳಿ. ಆ ತೀರ್ಪು ನನ್ನದಲ್ಲ.

ಮಕ್ಕಳ ಇಸುಬಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕೆನ್ನೆ, ಮೊಣಕೈ ಮಡಿಕೆ, ಮಂಡಿಯ ಹಿಂದೆ ಬರುವ ಈ ತುರಿಕೆ ಉಬ್ಬಸ, ಅಲರ್ಜಿಯ ಶೀತ ಇರುವ ಕುಟುಂಬಗಳಲ್ಲಿ ಹೆಚ್ಚು. 'ನಂಜು' ಎಂದು ಮೊಟ್ಟೆ ಬಂದ್, ಮೀನು ಬಂದ್, ಹಾಲು ಬಂದ್. ಮಗು ಸೊರಗುತ್ತದೆ, ತುರಿಕೆ ಹಾಗೇ ಇರುತ್ತದೆ. ಬದನೆ, ಮಸೂರ ಬೇಳೆ ಸೌದಾ ಹೆಚ್ಚಿಸುತ್ತವೆ ಎಂದು ನಮ್ಮ ಗ್ರಂಥಗಳೂ ಹೇಳುತ್ತವೆ. ದೊಡ್ಡವರು ಮೂರು ವಾರ ಬಿಟ್ಟು ನೋಡಲಿ, ನಷ್ಟವಿಲ್ಲ. ಆದರೆ ಬೆಳೆಯುವ ಮಗುವಿನ ತಟ್ಟೆಯಿಂದ ಊಹೆಯ ಮೇಲೆ ಏನನ್ನೂ ತೆಗೆಯಬೇಡಿ. ಉಗುರು ಕತ್ತರಿಸಿ, ಹತ್ತಿ ಬಟ್ಟೆ ಹಾಕಿ, ಉಗುರು ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ತುಸು ಹಸಿಯಾಗಿರುವಾಗಲೇ ತೆಂಗಿನೆಣ್ಣೆ ಹಚ್ಚಿ. ಸಾಸಿವೆ ಎಣ್ಣೆ ಬೇಡ, ಅದು ಉರಿಸುತ್ತದೆ.

ಯುನಾನಿ ಔಷಧ ಬೇಡವೇ ಎಂದು ನೀವು ಕೇಳಬಹುದು. ಬೇಕು. ಶಾಹ್ತರಾ, ಚಿರಾಯತಾ, ಉನ್ನಾಬ್ ಇರುವ ಮುಸಫ್ಫೀ ಔಷಧಗಳನ್ನು ನಾನು ಇಂದಿಗೂ ಕೊಡುತ್ತೇನೆ, ಕಾರಣ ತೆಗೆದ ಮೇಲೆ. ಶರಬತ್ತಿನಲ್ಲಿ ಸಕ್ಕರೆಯಿರುವುದರಿಂದ ಮಧುಮೇಹಿಗಳಿಗೆ ಬೇರೆ ರೂಪದಲ್ಲಿ ಕೊಡಬೇಕು. ಆದರೆ 'ಶುದ್ಧ ಜಡಿಬೂಟಿ' ಎಂದು ಲೇಬಲ್ಲಿಲ್ಲದ ಡಬ್ಬಿಯಲ್ಲಿ ಮಾರುವ ಮುಲಾಮು ಒಂದೇ ರಾತ್ರಿಯಲ್ಲಿ ಗುಣ ಮಾಡಿದರೆ ಸಂಶಯಪಡಿ. ಗಿಡಮೂಲಿಕೆ ಅಷ್ಟು ಅವಸರ ಮಾಡುವುದಿಲ್ಲ, ಒಳಗೆ ಸ್ಟೀರಾಯ್ಡ್ ಬೆರೆಸಿರಬಹುದು. ಹಿಜಾಮಾ ಮಾಡಿಸುವವರು ಕೂಡ ಇಸುಬು ಎದ್ದ ಚರ್ಮದ ಮೇಲೆ ಕಪ್ ಇಡಿಸಬೇಡಿ, ಅಲ್ಲಿ ಗಾಯವಾದರೆ ಸೋಂಕು ತಗಲುತ್ತದೆ.

ಹಾಗೆಂದು ಸ್ಟೀರಾಯ್ಡ್ ವಿಷವೂ ಅಲ್ಲ. ಉಲ್ಬಣಿಸಿದ ಇಸುಬಿಗೆ ಚರ್ಮವೈದ್ಯರು ಇಂಥ ಜಾಗಕ್ಕೆ, ಇಷ್ಟು ದಿನ ಎಂದು ಬರೆದುಕೊಟ್ಟರೆ ಹೆದರದೆ ಹಚ್ಚಿ. ಅಂಥ ರೋಗಿಗಳನ್ನು ನಾನೇ ಅವರ ಬಳಿಗೆ ಕಳಿಸುತ್ತೇನೆ. ಗಾಯದಲ್ಲಿ ಕೀವು ಬಂದರೆ, ಜ್ವರದ ಜೊತೆ ನೋವಿನ ಗುಳ್ಳೆಗಳು ಗುಂಪಾಗಿ ಎದ್ದರೆ, ಮೈಯೆಲ್ಲ ಕೆಂಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಯಸ್ಸಾದವರಿಗೆ ಕಲೆಯೇ ಇಲ್ಲದೆ ಮೈಯೆಲ್ಲ ತುರಿಸುತ್ತಿದ್ದರೆ ಸಕ್ಕರೆ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ವರ್ಷಗಟ್ಟಲೆ ಟ್ಯೂಬ್ ಹಚ್ಚಿದವರು ಈ ಲೇಖನ ಓದಿ ಇಂದೇ ಕಿಟಕಿಯಿಂದ ಎಸೆಯಬೇಡಿ. ಒಮ್ಮೆಲೇ ನಿಲ್ಲಿಸಿದರೆ ಚರ್ಮ ಉರಿದೇಳಬಹುದು, ಹೇಗೆ ಬಿಡಬೇಕೆಂದು ವೈದ್ಯರೇ ಹೇಳಲಿ. ಹೋಗುವಾಗ ಮನೆಯಲ್ಲಿರುವ ಅರ್ಧ ಖಾಲಿಯಾದ ಟ್ಯೂಬ್, ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿಮ್ಮ ಕೆಲಸವೇನೆಂದು ಅವರು ಕೇಳದಿದ್ದರೆ ನೀವೇ ಹೇಳಿ.